ಹಾಳೆಯಲ್ಲಿಲ್ಲದ ಕೊಂಡಿ

ಇಳಕಲ್ಲಿನ ನಮ್ಮ ಮನೆಯಲ್ಲಿ ಒಂದೇ ಮಗ್ಗ, ಅದಕ್ಕೆ ಒಡೆಯರು ಇಬ್ಬರು. ನೆಲದಲ್ಲಿ ತೋಡಿದ ಕುಣಿ ನಮ್ಮದು. ಮದುವೆಯಾದ ವರ್ಷ ಅಪ್ಪ ತಾನೇ ಹಾರೆ ಹಿಡಿದು ತೋಡಿದ್ದ. ಕುಣಿಯ ಮೇಲೆ ನಿಂತ ಕಟ್ಟಿಗೆಯ ಮಗ್ಗ ಸಾವಕಾರರದು, ನೂಲು ರೇಷ್ಮೆಯೂ ಅವರದೇ. ಅಪ್ಪ ಅದನ್ನು "ನಮ್ಮ ಮಗ್ಗ" ಅನ್ನುತ್ತಿದ್ದ, ಸಾವಕಾರರೂ "ನಮ್ಮ ಮಗ್ಗ" ಅನ್ನುತ್ತಿದ್ದರು. ಇಷ್ಟು ವರ್ಷ ಇಬ್ಬರಿಗೂ ಜಗಳ ಬಾರದಿದ್ದದ್ದು ಈ "ನಮ್ಮ" ಎಂಬ ಶಬ್ದದ ಪುಣ್ಯ.

ಜಗಳ ಬಂದದ್ದು ನಾನು ಬಾಗಲಕೋಟೆಯಲ್ಲಿ ಎಂ.ಎ. ಓದುತ್ತಿದ್ದಾಗ. ಸೀರೆಯ ಕೂಲಿ ಹೆಚ್ಚಿಸಬೇಕೆಂದು ನಮ್ಮ ಓಣಿಯ ನೇಕಾರರೆಲ್ಲ ಲಾಳಿ ಕೆಳಗಿಟ್ಟರು. ಅವರ ಮುಂದಾಳು ನನ್ನ ಕಾಕಾ, ಅಪ್ಪನ ಸ್ವಂತ ತಮ್ಮ. ಹೆಗಲ ಮೇಲೆ ಕೆಂಪು ವಸ್ತ್ರವಿಲ್ಲದೆ ಆತ ಸಂತೆಗೂ ಹೋದವನಲ್ಲ. ಬೇಡಿಕೆಗಳ ಹಾಳೆ ಬರೆಯಲು ನನಗೆ ಫೋನು ಮಾಡಿ ಕರೆಸಿದ. ರಾಜ್ಯಶಾಸ್ತ್ರ ಓದುವ ಹುಡುಗಿ, ಅಕ್ಷರ ಬೇರೆ ದುಂಡು. ಬಸ್ಸು ಅಮೀನಗಡ ದಾಟುವಷ್ಟರಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ಕ್ರಾಂತಿಯೇ ನನ್ನ ಪೆನ್ನು ಹಿಡಿದು ಇಳಕಲ್ಲಿಗೆ ಬರುತ್ತಿದೆ ಅನ್ನಿಸಿತ್ತು.

ಸಾವಕಾರರು ಹಣೆಗೆ ವಿಭೂತಿ ಹಚ್ಚಿಕೊಂಡು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವರು. ಅವರು ಕೂಗಾಡಲಿಲ್ಲ. ನಮ್ಮ ಮನೆಗೇ ಬಂದು, ಕೊಟ್ಟ ನೀರು ಕುಡಿದು, ಅಪ್ಪನಿಗೆ ಹೇಳಿದರು: "ಅಮಾಸಿಗೆ ಹೆಂಗೂ ಮಗ್ಗಕ್ಕ ಸೂಟಿ. ಅದರ ಮರುದಿನ ಲಾಳಿ ಸಪ್ಪಳ ಕೇಳಲಿಲ್ಲಂದ್ರ ಮಗ್ಗ ಬಿಚ್ಚಿಸಿ ಒಯ್ತೇನಪಾ. ತಪ್ಪ ತಿಳ್ಕೋಬ್ಯಾಡ."

ಅಮಾವಾಸ್ಯೆಗೆ ಇನ್ನೂ ಎಂಟು ದಿನವಿತ್ತು.

ಅಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕಾಕಾ ಪಾಠ ಶುರು ಮಾಡಿದ. ಬಂಡವಾಳಶಾಹಿಯಲ್ಲಿ ಮಗ್ಗ ಸಾವಕಾರನದು, ಸಮಾಜವಾದದಲ್ಲಿ ಸಂಘದ್ದು, ಕಮ್ಯುನಿಸಂ ಬಂದರೆ ಎಲ್ಲರದೂ. ನಾನು ಹೌದೌದೆಂದು ತಲೆಯಾಡಿಸುತ್ತ ಹಾಳೆ ತುಂಬಿಸುತ್ತಿದ್ದೆ. ಒಳಗೆ ಸೀರೆಯ ಉದ್ದೆಳೆಗಳ ಹಾಸು ಬಿಚ್ಚಿಕೊಂಡು ಕೂತಿದ್ದ ಅವ್ವ ತಲೆ ಎತ್ತದೆ ಕೇಳಿದಳು: "ಮೂರರಾಗ ಯಾವುದರಾಗ ಕೊಂಡಿಗೆ ಕೂಲಿ ಐತಿ, ಮೈದುನ?"

ಗಂಡಸರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಕೊಂಡಿಯ ವಿಷಯ ಹೇಳಬೇಕು. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಹಾಸಿನ ಒಂದೊಂದು ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಒಂದೊಂದು ಎಳೆಯನ್ನು ಕುಣಿಕೆ ಹಾಕಿ ಸೇರಿಸಬೇಕು. ಅದೇ ಕೊಂಡಿ. ಪ್ರತಿ ಸೀರೆಗೂ ಹೊಸದಾಗಿ ಹಾಕಬೇಕು, ಇಲ್ಲದಿದ್ದರೆ ಅದು ಇಳಕಲ್ ಸೀರೆಯೇ ಅಲ್ಲ. ನಮ್ಮ ಓಣಿಯಲ್ಲಿ ಅದನ್ನು ಹಾಕುವವರೆಲ್ಲ ಹೆಂಗಸರು. ಕೂಲಿ ಮಾತ್ರ ಸೀರೆಗೆ, ಅದನ್ನು ತರುವವನು ಗಂಡ. ಅವ್ವನ ಎದುರು ಕೂತು ಎಳೆಗಳ ಇನ್ನೊಂದು ತುದಿ ಹಿಡಿಯುವ ಕೆಲಸ ನನ್ನದು. ಸಾಲಿಗೆ ಹೆಸರು ಹಚ್ಚುವ ಮೊದಲಿನಿಂದಲೂ ಹಿಡಿದಿದ್ದೇನೆ. ಸ್ವಲ್ಪ ಸಡಿಲ ಬಿಟ್ಟರೂ ಅವ್ವ ಗದರುತ್ತಿದ್ದಳು.

ಮುಷ್ಕರದ ನಾಲ್ಕನೆಯ ದಿನ ನಮ್ಮ ಹಿತ್ತಲ ಬಾಗಿಲಿನಿಂದ ಸಾವಕಾರರ ಗುಮಾಸ್ತ ಗಂಟು ಹೊತ್ತು ಹೊರಡುವುದನ್ನು ಕಂಡೆ. ಅವ್ವ ಕೊಂಡಿ ಹಾಕಿಟ್ಟ ಹಾಸು! ಓಣಿಯ ಹೆಚ್ಚುಕಡಿಮೆ ಎಲ್ಲ ಮನೆಗಳಿಂದಲೂ ಅದು ಹೋಗುತ್ತಿತ್ತು. ಲಾಳಿ ನಿಲ್ಲಿಸದ ಬೇರೆ ಊರಿನ ಮಗ್ಗಗಳ ಮೇಲೆ ಸೀರೆಯಾಗಿ ಇಳಿಯುತ್ತಿತ್ತು. ಮುಂದಿನ ಕಟ್ಟೆಯ ಮೇಲೆ ಘೋಷಣೆ, ಹಿತ್ತಲಲ್ಲಿ ಸಾವಕಾರರ ವ್ಯಾಪಾರ.

ನಾನು ಅವ್ವನ ಮೇಲೆ ಹರಿಹಾಯ್ದೆ. "ನಾಚಿಕಿ ಬರೂದಿಲ್ಲೇನಬೇ? ಅಪ್ಪ ಲಾಳಿ ಇಟ್ಟ ಕುಂತಾನ, ನೀ ಒಳಗ ಕೆಲಸಾ ಮಾಡಿ ಕೊಡ್ತೀ?"

ಅವ್ವ ಎಳೆ ಬಿಡಲಿಲ್ಲ. "ಇದು ಕೆಲಸ ಅಂತ ನಿನಗ ಯಾರ ಹೇಳಿದ್ರು? ನಿನ್ನ ಹಾಳ್ಯಾಗ ಐತೇನ? ಕೆಲಸ ಅಂತ ನೀವು ಅಂದಿದ್ರ ನಾನೂ ನಿಲ್ಲಸ್ತಿದ್ದೆ."

ದೀಪದ ಬುಡ ಕತ್ತಲು ಅಂತಾರಲ್ಲ, ಆ ದೀಪ ಹಿಡಿದವಳು ನಾನೇ. ಅಲ್ಲೇ ಕೂತು ಹಾಳೆಯ ಕೊನೆಗೆ "ಕೊಂಡಿಗೆ ಬೇರೆ ಕೂಲಿ ಕೊಡಬೇಕು" ಎಂದು ಬರೆದೆ.

ಅಪ್ಪ ಸಿಡುಕಿದ. "ನಾಳೆ ರೊಟ್ಟಿ ಬಡಿಯೂದಕ್ಕೂ ಕೂಲಿ ಕೇಳ್ತೀರೇನ?"

"ಕೇಳಿದ್ರ ಕೊಡ್ತೀರೇನ?" ಅಂದಳು ಅವ್ವ.

ಕಾಕಾ ಅಡ್ಡಗೋಡೆಯ ಮೇಲೆ ದೀಪವಿಟ್ಟ. "ಖರೆ ಐತಿ ವೈನಿ. ಆದ್ರ ಮೊದಲ ಲಾಳಿ ಗೆಲ್ಲಲಿ." ಅವ್ವ ಸೆರಗು ಸಿಕ್ಕಿಸಿಕೊಂಡು ಮನೆಮನೆಗೆ ಹೋದಳು. ಮರುದಿನ ಗುಮಾಸ್ತ ಓಣಿಯ ಹಿತ್ತಲ ಬಾಗಿಲುಗಳನ್ನೆಲ್ಲ ತಟ್ಟಿ ಬರಿಗೈಲಿ ಹಿಂತಿರುಗಿದ.

ಅಮಾವಾಸ್ಯೆ ಕಳೆಯಿತು. ಮರುದಿನ ಮುಂಜಾನೆ ನಮ್ಮ ಬಾಗಿಲಿಗೆ ಟೆಂಪೊ ಬಂದು ನಿಂತಿತು. ಇಬ್ಬರು ಆಳುಗಳು ಒಳಗೆ ಬಂದು ಮಗ್ಗದ ಹಗ್ಗ ಸಡಿಲಿಸತೊಡಗಿದರು. ಓಣಿಯೆಲ್ಲ ಬಾಗಿಲಲ್ಲಿ ನೆರೆದಿತ್ತು. ಜೊತೆಗೆ ಬಂದಿದ್ದ ಸಾವಕಾರರು ಅವ್ವನನ್ನೇ ನೋಡಿ ಹೇಳಿದರು: "ಕೈ ಕಟ್ಟಿ ಕುಂಡ್ರಬಾರದವಾ. ಕಾಯಕನ ಕೈಲಾಸ ಅಂತ ದೊಡ್ಡಾವರು ಸುಮ್ಮನ ಹೇಳ್ಯಾರೇನು?"

"ಕಾಯಕ ನಮ್ದು, ಕೈಲಾಸ ನಿಮ್ದೇನ್ರಿ, ಸಾವ್ಕಾರ್ರ?" ಅಂದಳು ಅವ್ವ.

ಜನ ಗೊಳ್ಳೆಂದು ನಕ್ಕರು. ಸಾವಕಾರರು ಮಾತ್ರ ನಗಲಿಲ್ಲ. ಅಪ್ಪನನ್ನೂ ಕಾಕಾನನ್ನೂ ಕಟ್ಟೆಯ ಆ ತುದಿಗೆ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ಕಾಕಾ ನನ್ನ ಹತ್ತಿರ ಬಂದ. "ಸೀರಿ ಕೂಲಿ ಹೆಚ್ಚ ಮಾಡ್ತಾರಂತ. ಕೊಂಡಿ ಮಾತ ಬ್ಯಾಡಂತ. ಇವತ್ತ ಕೊಂಡಿ ಅಂದ್ರ ನಾಳೆ ಲಾಳಿ ಕಂಡಿಕಿಗೆ ನೂಲು ಸುತ್ತೂದಕ್ಕೂ ಕೇಳ್ತೀರಿ ಅಂತಾರ. ಹೊಸಾ ಹಾಳಿ ಬರಿ, ಮಗಳ. ಆ ಸಾಲ ಬಿಡು."

ಟೆಂಪೊ ಗುರುಗುಡುತ್ತಲೇ ಇತ್ತು. ಒಳಗೆ ಮಗ್ಗದ ಒಂದು ಕಂಬ ಆಗಲೇ ಕಳಚಿತ್ತು. ಅಪ್ಪ ನನ್ನತ್ತ ನೋಡಿದ. ಹುಟ್ಟಿದಾಗಿನಿಂದ ನೋಡಿದ ಮುಖ ಅದು, ಅದರಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು. ನಾನು ಬರೆದೆ. ಆ ಸಾಲು ಬಿಟ್ಟು ಬರೆದೆ. ಅಕ್ಷರ ಎಂದಿನಂತೆ ದುಂಡಗೇ ಬಂದವು.

ಸಹಿಯಾಗುವ ಮೊದಲು ಅವ್ವ ಬಂದು ಪಕ್ಕದಲ್ಲಿ ನಿಂತಳು. "ಕೊಂಡಿ ಬರದೀಯೇನವಾ?"

"ಹ್ಞೂಂ," ಅಂದೆ.

ಆಕೆ ಹಾಳೆ ಇಸಿದುಕೊಂಡು ಬೆರಳು ಓಡಿಸುತ್ತ ತುಂಬ ಹೊತ್ತು ನೋಡಿದಳು. ಅವ್ವ ಕಾಗದ ಹಿಡಿದದ್ದನ್ನು ನಾನು ಕಂಡಿರಲೇ ಇಲ್ಲ. ಬ್ಯಾಂಕಿನಲ್ಲೂ ಅಪ್ಪ ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತುವವಳು. "ಚೆಂದ ಬರದೀ," ಎಂದು ಹಾಳೆ ವಾಪಸು ಕೊಟ್ಟಳು. ಆಳುಗಳು ಕಳಚಿದ ಕಂಬ ಮತ್ತೆ ನಿಲ್ಲಿಸಿದರು. ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ಲಾಳಿಯ ಸಪ್ಪಳ ಕೇಳಿಸಿತು, ಕಾಕಾ ಪೇಢೆ ಹಂಚಿದ.

ಈಗ ನಾನು ಹುನಗುಂದದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಒಡೆತನ ಎಂದರೇನು ಎಂದು ಬೋರ್ಡಿನ ಮೇಲೆ ಬರೆಯುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ, ಮಕ್ಕಳು ಸೀಮೆಸುಣ್ಣ ಮುರಿಯಿತೆಂದು ತಿಳಿಯುತ್ತಾರೆ. ನಾನು ಸೂಟಿಯಲ್ಲಿ ಇಳಕಲ್ಲಿಗೆ ಹೋದಾಗಲೆಲ್ಲ ಅವ್ವನ ಎದುರು ಕೂತು ತುದಿ ಹಿಡಿಯುತ್ತಿರುವುದು ಪಕ್ಕದ ಮನೆಯ ಸೊಸೆ. ನನಗೆ ನೌಕರಿಯ ದಣಿವು ಎಂದು ಅವ್ವ ಕರೆಯುವುದಿಲ್ಲ ಅಂದುಕೊಂಡಿದ್ದೆ. ಕಳೆದ ದೀಪಾವಳಿಗೆ ಹೋದಾಗ ಆ ಸೊಸೆ ತವರಿಗೆ ಹೋಗಿದ್ದಳು. "ಕೊಡಬೇ, ನಾ ಹಿಡೀತೇನಿ," ಎಂದು ಎದುರು ಕೂತೆ.

ಅವ್ವ ಎಳೆಗಳನ್ನು ತನ್ನ ಕಡೆಗೆ ಎಳೆದುಕೊಂಡಳು. "ನಾ ನಾಕನೇ ಇಯತ್ತೆತನಾ ಸಾಲಿ ಕಲ್ತೇನಿ. ನಿನಗ ಗೊತ್ತೈತೇನ?"

ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ನಾನಂತೂ ಕೇಳಿರಲೇ ಇಲ್ಲ.

"ಕೊಂಡಿ ಅಂದ್ರ ಎರಡ ಅಕ್ಷರ. ಹಾಳಿ ತುಂಬ ಹುಡುಕಿದೆ."

"ಮತ್ತ ಅವತ್ತ ಯಾಕ ಸುಮ್ಮನಿದ್ದಿ?" ಅಂದೆ.

"ಟೆಂಪೊ ಬಾಗಲಾಗ ನಿಂತಿತ್ತು. ನಿಮ್ಮಪ್ಪನ ಮಾರಿ ನಾನೂ ನೋಡಿದ್ದೆ."

ನಾನು ಮತ್ತೆ ಕೈ ಚಾಚಿದೆ. ಅವ್ವ ಎಳೆಗಳ ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಒಮ್ಮೆ ಜಗ್ಗಿ ನೋಡಿ, ಕೆಂಪು ರೇಷ್ಮೆ ಕೈಗೆತ್ತಿಕೊಂಡಳು.

"ಬ್ಯಾಡ ಬಿಡು," ಅಂದಳು. "ನೀ ಹಿಡದ್ರ ಸಡ್ಲ ಆಗತಾವು."