ಗಾರ್ಡಿಲ್ಲದ ಇಕ್ಕಳ

ಕಾಕಾನ ಬಲಗೈಯ ತೋರುಬೆರಳೂ ನಡುಬೆರಳೂ ಮೊದಲ ಗೆಣ್ಣಿನಲ್ಲೇ ಮುಗಿದುಹೋಗಿದ್ದವು. ಚಳಿಗಾಲದಲ್ಲಿ ಆ ಮೋಟುಗಳ ತುದಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಯಾರನ್ನಾದರೂ ಬೈಯುವಾಗ ಉಂಗುರದ ಬೆರಳನ್ನೇ ಮುಂದೆ ಚಾಚುತ್ತಿದ್ದರು. ಬೈಸಿಕೊಂಡವರಿಗೆ ನಗು ಬಂದರೆ ಇನ್ನೆರಡು ಮಾತು ಹೆಚ್ಚೇ ಬೀಳುತ್ತಿದ್ದವು.

ಹುಬ್ಬಳ್ಳಿ ಕಡೆಯವರು. ಈ ಪರದೇಶದ ವಾನ್ ಎಂಬ ಊರಿನಲ್ಲಿ ಅವರ ಮನೆಯ ಬೇಸ್‌ಮೆಂಟಿನಲ್ಲಿ ನಾನು ಬಾಡಿಗೆಗಿದ್ದೆ. ಮೈಸೂರಿನವಳಾದ ನನಗೆ ತಮ್ಮನ್ನು ಕಾಕಾ, ತಮ್ಮ ಹೆಂಡತಿಯನ್ನು ಕಾಕು ಎಂದು ಕರೆಯಲು ಕಲಿಸಿದವರು ಅವರೇ. ಅಂಕಲ್ ಎಂದರೆ ಓಗೊಡುತ್ತಿರಲಿಲ್ಲ. ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ನಡೆಸುತ್ತಿದ್ದರು. ಕೆಲಸ ನಿಧಾನವಾಗುತ್ತದೆಂದು, ಕೈ ಒಳಗೆ ಹೋಗದಂತೆ ತಡೆಯುವ ಯಂತ್ರದ ಗಾರ್ಡನ್ನು ಸೂಪರ್ವೈಸರು ಒಂದು ಶಿಫ್ಟಿನ ಮಟ್ಟಿಗೆ ಬಿಚ್ಚಿಸಿದ್ದರಂತೆ. ಅದೇ ಶಿಫ್ಟಿನಲ್ಲಿ ಬೆರಳು ಹೋದವು. ನೀನೇ ನೋಡಿಕೊಂಡು ಕೆಲಸ ಮಾಡಬೇಕಿತ್ತು ಎಂದು ಮೇಲಿನವರು ಬುದ್ಧಿ ಹೇಳಿದರಂತೆ. ಈ ಮಾತು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆಮೇಲೆ ಅವರು ಗಾರ್ಡಿಲ್ಲದ ಒಂದು ಸಾಮಾನನ್ನೂ ಮಾಡಲಿಲ್ಲ. ಕಾಯಿ ತುರಿಯುವ ಮಣೆಗೂ ಒಂದು ತಗಡು ಬಡಿದಿದ್ದರು. ಅದರ ಸಂದಿಯಲ್ಲಿ ಕಾಯಿ ತೂರಿಸಿ ತುರಿಯುವಷ್ಟರಲ್ಲಿ ಸಾರು ಕುದಿದು ಆರುತ್ತದೆ ಎಂದು ಕಾಕು ಗೊಣಗುತ್ತಿದ್ದರು.

ನಿವೃತ್ತಿಯಾದ ಮೇಲೆ ಅವರ ಜೀವವೆಲ್ಲ ಮೇಪಲ್ ತೋಪಿನಲ್ಲಿತ್ತು. ನಾವು ನಾಲ್ಕೈದು ಕನ್ನಡದ ಮನೆಯವರು ಸೇರಿ ಊರಿನ ಉತ್ತರಕ್ಕೆ ಒಂದು ಸಣ್ಣ ತೋಪನ್ನು ಗುತ್ತಿಗೆ ಹಿಡಿದಿದ್ದೆವು. ಚಳಿ ಮುರಿಯುವ ಹೊತ್ತಿಗೆ ಮರಗಳಲ್ಲಿ ಸಿಹಿ ರಸ ಹರಿಯತೊಡಗುತ್ತದೆ, ಅದನ್ನು ಕಾಯಿಸಿದರೆ ಪಾಕವಾಗುತ್ತದೆ. ಅಷ್ಟರೊಳಗೆ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಪೈಪು ಎಳೆದು ಇಳಿಜಾರಿನ ಕೆಳಗಿರುವ ಟ್ಯಾಂಕಿಗೆ ಮುಟ್ಟಿಸಬೇಕು. ಪೈಪಿನ ಬಾಯಿಗೆ ಜೋಡಣೆಯ ಫಿಟ್ಟಿಂಗು ತುರುಕುವುದೇ ದೊಡ್ಡ ರಗಳೆ, ಆ ಚಳಿಗೆ ಪೈಪು ಕೊರಡಾಗಿರುತ್ತದೆ. ಅಂಗಡಿಯಲ್ಲಿ ಸಿಗುವ ಇಕ್ಕಳಕ್ಕೆ ಎರಡು ಗಟ್ಟಿ ಮುಷ್ಟಿ ಬೇಕು. ಕಾಕಾನ ಬಳಿ ಇದ್ದದ್ದು ಒಂದೂವರೆ.

ಹಾಗಾಗಿ ಗರಾಜಿನಲ್ಲಿ ಕೂತು ತಮ್ಮದೇ ಇಕ್ಕಳ ಮಾಡಿದರು. ಎರಡು ಹಳೆಯ ಪ್ಲೈಯರುಗಳನ್ನು ಒಂದು ಕಬ್ಬಿಣದ ಪಟ್ಟಿಗೆ ಕೂಡಿಸಿದ್ದರು. ಒಂದು ಪ್ಲೈಯರು ಪೈಪನ್ನು ಕಚ್ಚಿ ಹಿಡಿಯುತ್ತದೆ, ಇನ್ನೊಂದು ಫಿಟ್ಟಿಂಗನ್ನು. ಹಿಡಿಯನ್ನು ಅಂಗೈಯಿಂದ ಒತ್ತಿದರೆ ಎರಡೂ ಹತ್ತಿರ ಸರಿದು ಒಂದರೊಳಗೊಂದು ಕೂರುತ್ತವೆ. ನಡುವೆ ಬೆರಳು ಹೋಗದಂತೆ ತುಪ್ಪದ ಡಬ್ಬಿ ಕತ್ತರಿಸಿ ಮಾಡಿದ ಗಾರ್ಡು. ಮೇಲೆತ್ತಿದ್ದರೆ ಅದು ಹಿಡಿಗೆ ಅಡ್ಡ ನಿಲ್ಲುತ್ತದೆ, ಇಳಿಸದೆ ಹಿಡಿ ಅಲ್ಲಾಡುವುದೇ ಇಲ್ಲ.

ಅವರು ಮಾಡಿದ್ದೆಲ್ಲ ಸರಿ ಎಂದೇನಲ್ಲ. ಮೊದಲ ವರ್ಷ, ಬಿಗಿಯಾದ ಬಳೆ ಏರಿಸುವವರ ಹಾಗೆ, ಫಿಟ್ಟಿಂಗುಗಳಿಗೆಲ್ಲ ಕೊಬ್ಬರಿ ಎಣ್ಣೆ ಸವರಿದರು. ಎಣ್ಣೆ ಆ ಚಳಿಗೆ ಹೆಪ್ಪುಗಟ್ಟಿತು, ಮುಂದೆ ರಸಕ್ಕೆಲ್ಲ ವಾಸನೆ ಹತ್ತಿತು. ನಾವು ಮೂಗು ಮುರಿದರೆ, ಮಂಗಳೂರಿನವರಿಗೆ ಕೊಡಿ, ಚಪ್ಪರಿಸಿ ತಿನ್ನುತ್ತಾರೆ ಎಂದುಬಿಟ್ಟರು. ಮರುವರ್ಷ ಮಾತ್ರ ಸದ್ದಿಲ್ಲದೆ ಫ್ಲಾಸ್ಕಿನಲ್ಲಿ ಬಿಸಿನೀರು ತಂದು, ಪೈಪಿನ ತುದಿಯನ್ನು ಅದರಲ್ಲಿ ಅದ್ದಿ ಮೆತ್ತಗೆ ಮಾಡತೊಡಗಿದರು.

ನಮ್ಮ ಗುಂಪಿನ ಮುಂದಾಳು ಓಕ್‌ವಿಲ್‌ನವರು, ಯಾವುದೋ ಕಂಪನಿಯಲ್ಲಿ ಮ್ಯಾನೇಜರು, ಹುಟ್ಟಾ ಅವಸರದವರು. ಒಂದು ಶನಿವಾರ, ನಾಳೆಯೇ ಬಿಸಿಲು ಏರುತ್ತದೆಂಬ ಸುದ್ದಿ ಇತ್ತು, ಅರ್ಧ ತೋಪಿಗೆ ಪೈಪು ಎಳೆಯುವುದು ಬಾಕಿ ಇತ್ತು. ಕಾಕಾ ಕೆಳಗೆ ಟ್ಯಾಂಕಿನ ಹತ್ತಿರ ಇದ್ದರು. ಈ ಮಹಾಶಯರು ಗಾರ್ಡನ್ನು ಬಿಚ್ಚಿ ಇಕ್ಕಳವನ್ನು ನನ್ನ ಕೈಗಿಟ್ಟರು. ಕೆಲಸ ಬೇಗ ಸಾಗಿದ್ದೇನೋ ನಿಜ. ಕೆಲವು ಮರ ದಾಟುವಷ್ಟರಲ್ಲಿ ನನ್ನ ಎಡಗೈಯ ತೋರುಬೆರಳು ಇಕ್ಕಳದ ನಡುವೆ ಸಿಕ್ಕಿಕೊಂಡಿತು. ಬೆಳಿಗ್ಗೆ ನನ್ನ ತೆಳು ಉಣ್ಣೆ ಗ್ಲೌಸು ಕಂಡು ಬೈದು, ಕಾಕಾ ತಮ್ಮ ದಪ್ಪ ಚರ್ಮದ ಗ್ಲೌಸನ್ನು ತೊಡಿಸಿದ್ದರು. ಹಾಗಾಗಿ ಉಗುರಷ್ಟೇ ಹೋಯಿತು, ಬೆರಳು ಉಳಿಯಿತು.

ನನ್ನ ಕೂಗು ಕೇಳಿ ಕಾಕಾ ಹಿಮದಲ್ಲಿ ಏಳುತ್ತ ಬೀಳುತ್ತ ಹತ್ತಿ ಬಂದರು. ಬೆರಳು ಬಿಡಿಸಿ, ತಿರುಗಿಸಿ ನೋಡಿ, ಹಿಮ ಒತ್ತಿದರು. ಗಾರ್ಡು ಬಿಚ್ಚಿದವರು ಯಾರೆಂದು ಆಮೇಲೆ ಕೇಳಿದರು.

“ಅಂಕಲ್, ಇದೇನ್ ಫ್ಯಾಕ್ಟರೀನಾ? ವೀಕೆಂಡ್ ಹಾಬಿ ಅಷ್ಟೇ,” ಎಂದರು ಮುಂದಾಳು. “ಇವತ್ತೊಂದಿನ ಫಾಸ್ಟಾಗಿ ಮುಗ್ಸೋಣ ಅಂತ ತೆಗ್ದೆ. ನಾಳೆ ವಾಪಸ್ ಹಾಕಿದ್ರಾಯ್ತು.”

ಕಾಕಾ ಉಂಗುರದ ಬೆರಳು ಚಾಚಿದರು. ಆ ದಿನ ಯಾರೂ ನಗಲಿಲ್ಲ.

“ನಮ್ಮ ಸೂಪರ್ವೈಸರೂ ಹಿಂಗ ಅಂದಿದ್ದ. ಇವತ್ತೊಂದಿನ ಅಂತ. ಅವನ ನಾಳೆ ಇನ್ನೂ ಬಂದಿಲ್ಲ ನೋಡ್ರಿ.”

ಗಾರ್ಡಿನ ತಗಡನ್ನೂ ಅದರ ಸ್ಕ್ರೂಗಳನ್ನೂ ಕೇಳಿ ಪಡೆದು ಕೋಟಿನ ಜೇಬಿಗೆ ಹಾಕಿಕೊಂಡರು. ಇಕ್ಕಳವನ್ನು ಹಿಮದ ಮೇಲೆ ಎಸೆದರು. “ಗಾರ್ಡ್ ಇಲ್ಲದ್ದು ನಾ ಮಾಡಿದ್ದಲ್ಲ. ನೀವ ಇಟ್ಕೋರಿ,” ಎಂದು ನನ್ನನ್ನು ಕರೆದುಕೊಂಡು ಹೊರಟುಬಂದರು.

ಆಮೇಲೆ ತೋಪಿನಿಂದ ಒಂದು ಫೋನೂ ಬರಲಿಲ್ಲ. ನನ್ನ ಬೆರಳು ಹೇಗಿದೆ ಎಂದು ಕೇಳುವ ಸೌಜನ್ಯವೂ ಒಬ್ಬರಿಗಿರಲಿಲ್ಲ. ಮುದುಕನಿಗೆ ಮೂಗಿನ ಮೇಲೆ ಸಿಟ್ಟು ಎಂಬ ಮಾತು ಮಾತ್ರ ಮನೆಮನೆ ಸುತ್ತಿ ಬಂತು. ಅದೇ ಇಕ್ಕಳದಲ್ಲಿ, ಗಾರ್ಡಿಲ್ಲದೆಯೇ, ಅವರ ಕೆಲಸ ಸಾಗಿತು. ಕಾಕಾ ಚಳಿ ಮುರಿಯುವ ದಿನಗಳಲ್ಲಿ ಗರಾಜಿನ ಬಾಗಿಲೆತ್ತಿ ಕುರ್ಚಿ ಹಾಕಿಕೊಂಡು ಕೂತು, ಬೀದಿಯ ಸೂರುಗಳಿಂದ ನೀರು ತೊಟ್ಟಿಕ್ಕುವುದನ್ನೇ ನೋಡುತ್ತಿದ್ದರು. “ಇವತ್ತು ರಸ ಹರೀತದ ತಂಗಿ,” ಎನ್ನುತ್ತಿದ್ದರು. ಗಾರ್ಡು ಹಾಕಿ ಎಂದು ನಾನೇ ಹೋಗಿ ತೋಪಿನವರನ್ನು ಕೇಳುತ್ತೇನೆ ಎಂದೆ. “ಕೇಳೂದು ಬ್ಯಾಡ. ತಗಡು ನನ್ನ ಕಿಸೆದಾಗ ಅದ, ಬೇಕಂದ್ರ ಅವರ ಬಂದು ಒಯ್ಲಿ. ಗಾರ್ಡ್ ಹಾಕಿದ ದಿನ ನಾನ ಬರ್ತೀನಿ,” ಎಂದರು.

ಯಾರೂ ಹಾಕಲಿಲ್ಲ. ಎರಡು ಚಳಿಗಾಲ ಕಳೆದ ಮೇಲೆ ಕಾಕಾ ಹೃದಯ ನಿಂತು ತೀರಿಕೊಂಡರು.

ತೋಪಿನ ಗುಂಪಿನವರೇ ಥಾರ್ನ್‌ಹಿಲ್‌ನ ಒಂದು ಹಾಲ್‌ನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಹಾರ ಹಾಕಿದ ಫೋಟೋದ ಪಕ್ಕದಲ್ಲಿ, ಹೂವಿನ ನಡುವೆ ಅದೇ ಇಕ್ಕಳ, ಎಣ್ಣೆ ಹಚ್ಚಿ ಒರೆಸಿ ಇಟ್ಟಿದ್ದರು. ಓಕ್‌ವಿಲ್‌ನ ಮುಂದಾಳು ಮೈಕ್ ಹಿಡಿದು, ನಮ್ಮ ಅಂಕಲ್ ಎಂಥ ಜುಗಾಡ್ ಜೀನಿಯಸ್, ಹಳೆ ಸಾಮಾನಿನಲ್ಲೇ ಏನು ಬೇಕಾದರೂ ಮಾಡುತ್ತಿದ್ದರು ಎಂದು ಇಂಗ್ಲಿಷಿನಲ್ಲಿ ಹೊಗಳುತ್ತಿದ್ದರು. ಬದುಕಿದ್ದಾಗ ಅವರನ್ನು ತೋಪಿನಿಂದ ದೂರವಿಟ್ಟ ಬಾಯಿ ಅದು. ಇಕ್ಕಳ ತರುತ್ತಾರೆಂದು ತಿಳಿದಿದ್ದ ಕಾಕು, ಆ ಬೆಳಿಗ್ಗೆ ಕಾಕಾನ ಕೋಟಿನ ಜೇಬಿನಲ್ಲಿದ್ದ ತಗಡು, ಸ್ಕ್ರೂಗಳನ್ನು ನನ್ನ ಕೈಗಿತ್ತಿದ್ದರು.

ಭಾಷಣದ ನಡುವೆಯೇ ಎದ್ದು ಮೇಜಿನ ಬಳಿಗೆ ಹೋದೆ. ಪರ್ಸಿನಿಂದ ಒಂದು ನಾಣ್ಯ ತೆಗೆದು ಸ್ಕ್ರೂ ತಿರುಗಿಸಿ ಗಾರ್ಡನ್ನು ಕೂರಿಸಿದೆ. ಇದೆಲ್ಲ ಈಗ ಯಾಕೆ ಎಂದು ಮುಂದಾಳು ಮೈಕ್ ಬದಿಗಿಟ್ಟು ಮೆಲ್ಲಗೆ ಕೇಳಿದರು.

“ಗಾರ್ಡ್ ಹಾಕಿದ ದಿನ ಬರ್ತೀನಿ ಅಂದಿದ್ರು. ಈಗ ಹಾಕಿದೀನಿ. ಕರೀರಿ ಅವರನ್ನ,” ಎಂದೆ.

ಇಕ್ಕಳವನ್ನು ಅಲ್ಲಿ ಬಿಡಲಿಲ್ಲ, ಎತ್ತಿಕೊಂಡು ಬಂದೆ. ಈಗ ನನ್ನ ಮೇಜಿನ ಮೇಲಿದೆ. ಕಳಚಿದ ಉಗುರು ಸೊಟ್ಟಗೆ ಬೆಳೆದಿದೆ, ಸಿಟ್ಟು ಇನ್ನೂ ಇಳಿದಿಲ್ಲ. ಇದಿಷ್ಟನ್ನೂ ಹತ್ತೂ ಬೆರಳಿನಿಂದ ಟೈಪ್ ಮಾಡಿದ್ದೇನೆ.