ಕೈ ಎತ್ತದ ಕಂಡಕ್ಟರ್

ಒಂಬತ್ತನೇ ಕ್ಲಾಸಿನಲ್ಲಿ ಶುರುವಾಯಿತು. ಎರಡೂ ಕಂಕುಳಲ್ಲಿ, ಒಟ್ಟಿಗೆ. ಬಿಸಿಲಿರಲಿ, ಮೋಡವಿರಲಿ, ಪ್ರಾರ್ಥನೆ ಮುಗಿಯುವಷ್ಟರಲ್ಲಿ ಯೂನಿಫಾರಂ ಒದ್ದೆ. ನಮ್ಮ ಕಡೆಯ ಬಿಸಿಲಿಗೆ ಯಾರು ತಾನೆ ಬೆವರುವುದಿಲ್ಲ ಎಂದುಕೊಂಡೆ. ಆದರೆ ಪಕ್ಕದಲ್ಲಿ ಕೂತವಳ ತೋಳು ಒಣಗಿರುತ್ತಿತ್ತು.

ಈಗ ನನಗೆ ಮೂವತ್ತನಾಲ್ಕು. ಹೊಸದುರ್ಗ–ಚಿತ್ರದುರ್ಗ ಬಸ್ಸಿನಲ್ಲಿ ಕಂಡಕ್ಟರ್. ಖಾಕಿ ಬಟ್ಟೆ ಒದ್ದೆಯನ್ನು ಮುಚ್ಚುವುದಿಲ್ಲ, ಕಪ್ಪು ಮಾಡಿ ತೋರಿಸುತ್ತದೆ. ಬೆಳಿಗ್ಗೆ ಮೊದಲ ಟ್ರಿಪ್ಪಿನಲ್ಲೇ ತೋಳಿನ ಕೆಳಗೆ ಅಂಗೈಯಗಲ ಕಪ್ಪು. ಮಧ್ಯಾಹ್ನದ ಹೊತ್ತಿಗೆ ಅದು ಸೊಂಟದತ್ತ ಇಳಿಯುತ್ತಿತ್ತು.

ಒಂದು ದಿನ ಬಸ್ಸು ತುಂಬಿತ್ತು. ಮೇಲಿನ ಕಂಬಿ ಹಿಡಿದು, ಬಗ್ಗಿ, ಕಿಟಕಿ ಪಕ್ಕ ಕೂತಿದ್ದ ಹೆಂಗಸಿಗೆ ಟಿಕೆಟ್ ಕೊಡಲು ಹೋದೆ. ಅವರು ಸೆರಗನ್ನು ಮೂಗಿಗೆ ಹಿಡಿದರು.

“ಸ್ವಲ್ಪ ಆ ಕಡೆ ನಿಂತ್ಕಳ್ರಿ ಮೇಡಂ.”

ಅಷ್ಟೇ ಅಂದದ್ದು. ಆವತ್ತಿನಿಂದ ನಾನು ಕೈ ಎತ್ತಲಿಲ್ಲ.

ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಸೀಟಿನ ಅಂಚಿಗೆ ಸೊಂಟ ಆನಿಸಿ ಟಿಕೆಟ್ ಕೊಡುವುದನ್ನು ಅಭ್ಯಾಸ ಮಾಡಿಕೊಂಡೆ. ಘಮಘಮ ಅನ್ನುವ ಸ್ಪ್ರೇ ತಂದೆ. ಬೆವರು ನಿಲ್ಲಲಿಲ್ಲ, ಎರಡು ವಾಸನೆ ಸೇರಿ ಮೂರನೆಯದೊಂದು ಹುಟ್ಟಿತು. ಪೌಡರ್ ಹಾಕಿದರೆ ಮುದ್ದೆಯಾಯಿತು. ಕರವಸ್ತ್ರ ಮಡಚಿ ಒಳಗಿಟ್ಟುಕೊಂಡರೆ ಅದು ಜಾರಿ ಬಸ್ಸಿನೊಳಗೇ ಬೀಳುವ ಭಯ. ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ತಲೆ ಸುತ್ತುತ್ತಿತ್ತು, ಬೆವರು ಮಾತ್ರ ಹಾಗೇ ಇತ್ತು. ದಿನಕ್ಕೆರಡು ಸಲ ಸ್ನಾನ ಮಾಡುವ ನಾನು ಗಲೀಜು ಹೆಂಗಸೆಂದು ಬಸ್ಸಿನವರೆಲ್ಲ ತಿಳಿದಿದ್ದಾರೆ ಎಂಬ ಒಂದೇ ಯೋಚನೆಯಲ್ಲಿ ವರ್ಷಗಳು ಕಳೆದವು.

ಹೊಳಲ್ಕೆರೆ ಇನ್ನೇನು ಬಂತು ಅನ್ನುವಾಗ ರಸ್ತೆಯಲ್ಲೊಂದು ಹಂಪ್ ಇದೆ. ಅಲ್ಲಿ ಬಿದ್ದೆ.

ಎಡ ಮಣಿಕಟ್ಟು ಮುರಿದಿತ್ತು. ಡ್ರೈವರ್ ತಿಪ್ಪೇಸ್ವಾಮಣ್ಣನೇ ಆಸ್ಪತ್ರೆಗೆ ಕರೆದೊಯ್ದರು. ಎಕ್ಸ್‌ರೇ ನೋಡುತ್ತಾ ಡಾಕ್ಟರು ಕೇಳಿದರು: “ಮೇಲಿನ ಕಂಬಿ ಹಿಡ್ಕಂಡಿರ್ಲಿಲ್ವೇನಮ್ಮ?”

“ಹಿಡ್ಕಂಡಿದ್ದೆ ಸಾರ್.”

ಸುಳ್ಳು. ಬಾಗಿಲಲ್ಲಿ ನಿಂತಿದ್ದ ತಿಪ್ಪೇಸ್ವಾಮಣ್ಣ ತಲೆ ತಗ್ಗಿಸಿದರು.

ಕೈಗೆ ಪ್ಲಾಸ್ಟರ್ ಹಾಕಿದರು. ಹತ್ತು ದಿನದ ಮೇಲೆ ತಿಪ್ಪೇಸ್ವಾಮಣ್ಣ ದಾಳಿಂಬೆ ಹಿಡಿದು ಮನೆಗೆ ಬಂದರು. ಡಿಪೊದಲ್ಲಿ ಅವರಿಗೆ ನೋಟಿಸ್ ಕೊಟ್ಟು, ವಿಚಾರಣೆ ಮುಗಿಯುವವರೆಗೆ ರೂಟಿನಿಂದ ಇಳಿಸಿದ್ದರು.

“ಹಂಪ್ ಕಂಡಿತ್ತು ತಂಗಿ. ನಿಧಾನಕ್ಕೇ ಹತ್ತಿಸ್ದೆ ಅನ್ಕಂಡಿದ್ದೆ. ನೀನು ಕಂಬಿ ಹಿಡ್ಕಂಡೂ ಬಿದ್ದೀಯ ಅಂದ್ರೆ ತಪ್ಪು ನಂದೇ.”

ನಾನು ಪ್ಲಾಸ್ಟರ್ ನೋಡುತ್ತಾ ಕೂತೆ.

ಅವರು ಹೋದ ಮೇಲೆ ಅತ್ತೆ ಹತ್ತಿರ ಬಂದು ಕೂತರು. ನನ್ನ ಗಂಡನಿಗೆ ಚಿಕ್ಕಜಾಜೂರಿನ ರೈಲ್ವೆಯಲ್ಲಿ ಕೆಲಸ, ಮನೆಗೆ ಬರುವುದು ವಾರಕ್ಕೊಮ್ಮೆ. ಮನೆಯಲ್ಲಿ ಇರುವುದು ನಾವಿಬ್ಬರೇ.

“ನೀನು ಕಂಬಿ ಹಿಡ್ದಿರ್ಲಿಲ್ಲ,” ಅಂದರು ಅತ್ತೆ. “ನಿನ್ನ ಖಾಕಿ ಅಂಗಿ ಒಗೆಯಾಳು ನಾನು. ಕಂಕುಳ ಹತ್ರ ತಿಕ್ಕಿ ತಿಕ್ಕಿ ಬಟ್ಟೆನೇ ಸವದೈತೆ. ಕೇಳಿದ್ರೆ ನೊಂದ್ಕಂತೀಯ ಅಂತ ಸುಮ್ಕಿದ್ದೆ.”

ಎಷ್ಟೋ ವರ್ಷದ ಅಳು ಅವತ್ತು ಬಂತು.

ಮರುವಾರ ಇಬ್ಬರೂ ಚಿತ್ರದುರ್ಗಕ್ಕೆ ಹೋಗಿ ಸ್ಕಿನ್ ಡಾಕ್ಟರನ್ನು ಕಂಡೆವು. ಅವರೂ ಹೆಂಗಸು. ಎಷ್ಟನೇ ವಯಸ್ಸಿನಿಂದ, ಎರಡೂ ಕಡೆ ಸಮವೇ, ನಿದ್ದೆಯಲ್ಲೂ ಬೆವರುತ್ತದೆಯೇ ಎಂದೆಲ್ಲ ಕೇಳಿದರು. ನಿದ್ದೆಯಲ್ಲಿ ಇಲ್ಲ ಅಂದೆ. ಥೈರಾಯ್ಡ್, ಶುಗರ್ ಟೆಸ್ಟ್ ಮಾಡಿಸಿದರು, ಎರಡೂ ನಾರ್ಮಲ್.

“ಇದಕ್ಕೆ ಹೈಪರ್‌ಹೈಡ್ರೋಸಿಸ್ ಅಂತಾರೆ. ಗಲೀಜಲ್ಲ, ನಿಮ್ಮ ತಪ್ಪೂ ಅಲ್ಲ.”

ಸ್ಪ್ರೇ ವಾಸನೆಯನ್ನಷ್ಟೇ ಮರೆಸುತ್ತದೆ, ಬೆವರು ತಡೆಯಲು ಆಂಟಿಪರ್ಸ್ಪಿರೆಂಟ್ ಬೇಕು ಎಂದು ಒಂದು ರೋಲ್ ಆನ್ ಬರೆದುಕೊಟ್ಟರು. ಮಲಗುವ ಮುಂಚೆ, ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಬೇಕು, ಬೆಳಿಗ್ಗೆ ತೊಳೆಯಬೇಕು. ಕೂದಲು ತೆಗೆದ ದಿನ ಹಚ್ಚಲೇಬಾರದು.

ನನಗೆ ಅವಸರ. ಬೇಗ ಗುಣವಾಗಲಿ ಎಂದು ಮರುದಿನ ಕೂದಲು ತೆಗೆದು, ಸ್ನಾನ ಮಾಡಿ, ಹಸಿ ಮೈಗೇ ಹಚ್ಚಿಕೊಂಡೆ.

ಮೆಣಸಿನಕಾಯಿ ಅರೆದು ಮೆತ್ತಿದಂತೆ ಉರಿಯಿತು.

ಕೆಂಪಗೆ ಬಾತುಕೊಂಡ ಕಂಕುಳು ನೋಡಿ ಡಾಕ್ಟರು ಬೈಯಲಿಲ್ಲ. ಉರಿ ಆರುವವರೆಗೆ ನಿಲ್ಲಿಸಿ ಅಂದರು, ಬೇರೊಂದು ಕ್ರೀಮ್ ಕೊಟ್ಟರು. ಆಮೇಲೆ ಮತ್ತೆ ಶುರು ಮಾಡಿದಾಗ ಅತ್ತೆ ಬಾಟಲಿಯನ್ನು ತಮ್ಮ ಕೈಗೇ ತೆಗೆದುಕೊಂಡರು. ಪ್ಲಾಸ್ಟರಿನ ಕೈ ಬಲಗಡೆಯ ಕಂಕುಳನ್ನು ಸರಿಯಾಗಿ ಮುಟ್ಟುತ್ತಲೂ ಇರಲಿಲ್ಲ. ಟವೆಲಿನಿಂದ ಒರೆಸಿ, ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಗಾಳಿ ಬೀಸಿ, ಬೆರಳಿನಿಂದ ಮುಟ್ಟಿ ನೋಡಿಯೇ ಹಚ್ಚುತ್ತಿದ್ದರು. ಹೆತ್ತ ತಾಯಿಗೂ ತೋರಿಸದ ಜಾಗವನ್ನು ಅವರೆದುರು ಎತ್ತಿ ಹಿಡಿದು ನಾನು ಗೋಡೆ ಕಡೆ ನೋಡುತ್ತಿದ್ದೆ. ಎರಡನೇ ವಾರ ಸಂತೆಗೆ ನಡೆದು ಹೋಗಿ ಬಂದ ಮೇಲೆ ಅವರೇ ರವಿಕೆ ಮುಟ್ಟಿ ನೋಡಿದರು.

“ಒಣಗೈತಲ್ಲೇ!”

ನನಗೆ ಖುಷಿಪಡಲಾಗಲಿಲ್ಲ. ನನ್ನ ಬೆವರಿಗೆ ಮದ್ದು ಸಿಕ್ಕಿತ್ತು. ತಿಪ್ಪೇಸ್ವಾಮಣ್ಣ ಇನ್ನೂ ಡಿಪೊದಲ್ಲಿ ಬಸ್ಸು ತೊಳೆಸುವ ಕೆಲಸ ನೋಡಿಕೊಂಡಿದ್ದರು.

ಪ್ಲಾಸ್ಟರ್ ಬಿಚ್ಚಿದ ಮರುದಿನವೇ ಡಿಪೊಗೆ ಹೋದೆ. ಆಫೀಸಿನಲ್ಲಿ ಡಿಪೊ ಸಾಹೇಬರೂ ಸೇರಿ ಮೂವರು ಗಂಡಸರು.

“ನಾನು ಕಂಬಿ ಹಿಡ್ದಿರ್ಲಿಲ್ಲ ಸಾರ್. ಡ್ರೈವರ್ ತಪ್ಪಿಲ್ಲ.”

“ಯಾಕೆ ಹಿಡ್ದಿರ್ಲಿಲ್ಲ?”

“ಕಂಕುಳು ಬೆವರ್ತದೆ. ಕೈ ಎತ್ತಿದ್ರೆ ಜನಕ್ಕೆ ಕಾಣ್ತದೆ ಅಂತ.”

ಒಬ್ಬರು ಫೈಲು ತಿರುವಿದರು. ಇನ್ನೊಬ್ಬರು ಫ್ಯಾನ್ ನೋಡಿದರು. ಅಷ್ಟರಲ್ಲೇ ಎರಡೂ ಕಡೆಯಿಂದ ನೀರು ಇಳಿಯುತ್ತಿತ್ತು. ಗಾಬರಿಯಾದಾಗ ಮದ್ದು ಪೂರ್ತಿ ತಡೆಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

“ಬರ್ದು ಕೊಡ್ತೀರಾ?” ಅಂದರು ಸಾಹೇಬರು.

ಬರೆದುಕೊಟ್ಟೆ. ‘ಕಂಕುಳು’ ಅನ್ನುವ ಪದವನ್ನೂ ಬರೆದೆ.

ಹೊರಗೆ ತಿಪ್ಪೇಸ್ವಾಮಣ್ಣನಿಗೂ ಎಲ್ಲ ಹೇಳಿದೆ. ಅವರು ನೀರಿನ ನಲ್ಲಿ ನಿಲ್ಲಿಸಿ ನನ್ನತ್ತ ತಿರುಗಿದರು. “ಒಂದೂವರೆ ತಿಂಗ್ಳು ಕಣ್ಮುಚ್ಚಿದ್ರೆ ಆ ಹಂಪೇ ಕಾಣ್ತಿತ್ತು. ಮೊದ್ಲೇ ಹೇಳಬಾರ್ದಿತ್ತಾ?”

“ನಾಚಿಕೆ ಆಯ್ತಣ್ಣ.”

ಅವರು ಬಸ್ಸು ತೊಳೆಯುವ ಕಡೆಗೆ ನಡೆದು ಹೋದರು.

ನೋಟಿಸ್ ವಾಪಸಾಯಿತು. ಮತ್ತೆ ಅದೇ ರೂಟಿನಲ್ಲಿ ಇಬ್ಬರೂ ಇದ್ದೇವೆ. ವಾರಕ್ಕೆರಡು ಸಲ ಮದ್ದು ಹಚ್ಚುತ್ತೇನೆ. ಬೇಸಿಗೆಯಲ್ಲಿ ಸಾಲುವುದಿಲ್ಲ, ಬ್ಯಾಗಿನಲ್ಲಿ ಇನ್ನೊಂದು ಅಂಗಿ ಇರುತ್ತದೆ. ಇದು ಪೂರ್ತಿ ಹೋಗುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಒಪ್ಪಿಕೊಂಡಿದ್ದೇನೆ ಅನ್ನುತ್ತೇನೆ; ಕೆಲವು ದಿನ ಅದೂ ನಿಜವಲ್ಲ. ತಿಪ್ಪೇಸ್ವಾಮಣ್ಣ ಮಾತ್ರ ಮೊದಲ ಕೆಲವು ವಾರ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಅದು ಅವರ ಹಕ್ಕು ಅಂದುಕೊಂಡೆ.

ಮೊನ್ನೆ ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿದ್ದಾಗ ತಿಪ್ಪೇಸ್ವಾಮಣ್ಣ ಎರಡು ಲೋಟ ಟೀ ಹಿಡಿದು ಬಂದರು. ಬಿಸಿ ಟೀ ಕುಡಿದರೆ ಬೆವರು ಕಿತ್ತುಕೊಂಡು ಬರುತ್ತದೆಂದು ಡ್ಯೂಟಿಯಲ್ಲಿ ನಾನು ಅದನ್ನು ಬಿಟ್ಟು ಎಷ್ಟೋ ವರ್ಷ.

“ತಗ ತಂಗಿ, ಆರೋಗ್ತದೆ,” ಅಂದರು.

ತಗೊಂಡೆ. ಮೊದಲ ಗುಟುಕಿಗೇ ಬೆವರು ಕಿತ್ತುಕೊಂಡಿತು. ಅವರ ಪಕ್ಕದಲ್ಲಿ ನಿಂತು ಪೂರ್ತಿ ಕುಡಿದೆ.