ನಾರಾವಿಯ ಸುಟ್ಟ ಕಲ್ಲಿನ ದಿಬ್ಬ

ಗುಡ್ಡ ಅಗೆದು ಇಲಿ ಹಿಡಿದವರ ಕತೆ ಎಲ್ಲರಿಗೂ ಗೊತ್ತು. ನನಗೆ ಇಲಿಯೂ ಸಿಗಲಿಲ್ಲ. ಪುರಾತತ್ವ ಇಲಾಖೆಯ ಪರವಾನಗಿ ಹಿಡಿದುಕೊಂಡು ನಾರಾವಿಯ ಹತ್ತಿರ ನೀರು ಹರಿಯುವ ತೋಡಿನ ಬದಿಯ ದಿಬ್ಬವನ್ನು ಚಳಿಗಾಲವಿಡೀ ಅಗೆದೆ. ಸಿಕ್ಕಿದ್ದು ಸುಟ್ಟು ಸೀಳಿದ ಕಲ್ಲು, ಮಸಿ, ಮತ್ತೆ ಕಲ್ಲು ಹಾಸಿದ ಒಂದು ಗುಂಡಿ.

ಮೊದಮೊದಲು ಜನ ಬರುತ್ತಿದ್ದರು. ನಿಧಿ ಉಂಟಾ ಟೀಚರೇ ಅಂತ ಕೇಳುತ್ತಿದ್ದರು. ಇಲ್ಲ ಮಾರಾಯ್ರೆ ಅಂದರೆ ನಂಬುತ್ತಿರಲಿಲ್ಲ. ನಂಬಿದ ಮೇಲೆ ಬರಲಿಲ್ಲ. ನಾನು ಪಾಠ ಮಾಡುವ ಕಾಲೇಜಿನಿಂದ ಕರೆತಂದ ಮಕ್ಕಳೂ ಪರೀಕ್ಷೆ ಬಂತೆಂದು ಹೋದರು. ಆಮೇಲೆ ಮೂಡುಬಿದಿರೆಯಿಂದ ಬೆಳಗಿನ ಬಸ್ಸಿಗೆ ಬರುವುದು ನಾನೊಬ್ಬಳೇ. ಬೇಸರ ಆಗುತ್ತಿರಲಿಲ್ಲವಾ ಅಂದರೆ, ಆಗುತ್ತಿತ್ತು. ಆದರೆ ಮನೆಯಲ್ಲಿ ಕೂತರೂ ಒಬ್ಬಳೇ. ಇಲ್ಲಿ ಕಲ್ಲಾದರೂ ಉಂಟಲ್ಲ.

ಇಂಥದ್ದನ್ನು ನಾನು ಹಿಂದೆ ಓದಲು ಹೋಗಿದ್ದಾಗ ಐರ್ಲೆಂಡಿನಲ್ಲಿ ಅಗೆದಿದ್ದೆ. ಅಲ್ಲಿ ಜೌಗು ನೆಲದ ಬದಿಯಲ್ಲಿ ಇಂಥ ದಿಬ್ಬಗಳು ಬೇಕಾದಷ್ಟು. ಸಾವಿರಾರು ವರ್ಷ ಹಿಂದಿನ ಜನ ಕಲ್ಲನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಗುಂಡಿಯ ನೀರಿಗೆ ಹಾಕಿ ಕುದಿಸುತ್ತಿದ್ದರು. ಒಡೆದ ಕಲ್ಲನ್ನು ಪಕ್ಕಕ್ಕೆ ಎಸೆದೂ ಎಸೆದೂ ದಿಬ್ಬವಾಯಿತು. ಅಡುಗೆಗೋ ಸ್ನಾನಕ್ಕೋ ಅಂತ ಪಂಡಿತರು ಇನ್ನೂ ಜಗಳ ಮಾಡ್ತಾರೆ. ನಾರಾವಿಯದ್ದೂ ಅದೇ ಜಾತಿಯದ್ದು ಅಂತ ನನ್ನ ಹಠ.

ಜಾಗದ ಯಜಮಾನಿ ಎಪ್ಪತ್ತು ದಾಟಿದ ಹೆಂಗಸು. ಮಳೆಗೆ ಮೊದಲು ದಿಬ್ಬ ಸಮತಟ್ಟು ಮಾಡಿಸಿ ರಬ್ಬರ್ ಗಿಡ ಹಾಕಬೇಕು, ಮುಂದಿನ ವಾರ ಜೆಸಿಬಿ ಬರ್ತದೆ ಅಂತ ಹೇಳಿ ಕಳಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಜಾಗ ಅವರದ್ದು, ನನ್ನ ಸಿಟ್ಟು ಯಾರಿಗೆ ಬೇಕು? ಒಮ್ಮೆ ಬಂದು ನೋಡಿ, ಆಮೇಲೆ ನಿಮ್ಮ ಇಷ್ಟ ಅಂತ ಬೇಡಿಕೊಂಡೆ.

ಅವರಿಗೆ ತೋರಿಸಲಿಕ್ಕೆ, ಹಳೆಯ ಗುಂಡಿಯನ್ನು ಮುಟ್ಟದೆ, ಪಕ್ಕದಲ್ಲೇ ಅದೇ ಅಳತೆಯ ಇನ್ನೊಂದನ್ನು ಅಗೆದು ನೀರು ತುಂಬಿಸಿದೆ. ಅವರು ಬಂದು ಸೆರಗು ಸಿಕ್ಕಿಸಿ ನಿಂತರು. ಕಾದ ಕಲ್ಲನ್ನು ಒಂದೊಂದಾಗಿ ಹಾಕಿದೆ. ಹಬೆ ಎದ್ದಿತು, ಕಲ್ಲು ಚಟಚಟ ಸೀಳಿತು, ಕೊನೆಗೆ ನೀರು ಕುದಿಯಿತು. ನನಗೆ ಕುಣಿಯುವಷ್ಟು ಸಂತೋಷ.

ಅವರು ಬಗ್ಗಿ ಹಬೆಗೆ ಕೈ ಒಡ್ಡಿದರು.

"ಇಷ್ಟು ನೀರು ಒಬ್ಬರಿಗೆ ಅಂತ ಯಾರೂ ಕಾಯಿಸುದಿಲ್ಲ ಟೀಚರೇ. ಇಲ್ಲಿ ತುಂಬ ಜನ ಒಟ್ಟಿಗೆ ಇದ್ದರು."

ಹೌದಮ್ಮ ಅಂದೆ. ಅವರು ಸೆರಗಿಗೆ ಕೈ ಒರೆಸಿಕೊಂಡು, ಜೆಸಿಬಿಯವನಿಗೆ ಬೇಡ ಅಂತ ಹೇಳ್ತೇನೆ, ರಬ್ಬರ್ ಆಚೆ ಬದಿಗೆ ಹಾಕುವ ಅಂದರು. ನಾನು ಕೈ ಮುಗಿದೆ.

"ಆದರೆ ನೀವೂ ಇನ್ನು ಅಗೆಯುದು ಬೇಡ. ಮಣ್ಣು ಮುಚ್ಚಿಬಿಡಿ. ಆ ಕಾಲದವರ ಜಾಗ ಅವರಿಗೇ ಇರಲಿ."

ಮರುದಿನ ಇಬ್ಬರು ಆಳುಗಳನ್ನು ಹಿಡಿದು ಎರಡೂ ಗುಂಡಿಗೆ ಮರಳು ತುಂಬಿಸಿ ಮಣ್ಣು ಮುಚ್ಚಿಸಿದೆ. ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು. ಆಳುಗಳು ಹೋದರು. ಬಸ್ಸಿಗೆ ಇನ್ನೂ ತುಂಬ ಹೊತ್ತಿತ್ತು. ನಾಳೆ ಇಲ್ಲಿಗೆ ಬರಲಿಕ್ಕೆ ನನಗೆ ಒಂದು ನೆಪವೂ ಇಲ್ಲ ಅಂತ ಆಗ ಹೊಳೆದು, ಅಳು ಬಂತು. ದಿಬ್ಬ ಉಳಿಯಬೇಕು ಅಂತ ಅಷ್ಟು ಒದ್ದಾಡಿದ್ದು ನಾನೇ ಅಲ್ಲವಾ.